ಏಳು ತಾಸಿನ ಉಸಿರು

ರಾಣೆಬೆನ್ನೂರಿನ ಭರಮವ್ವನಿಗೆ ಫೋನು ಮಾಡಿ ಮಾತಾಡಿದೆ ಎನ್ನುವವರು ಮೊನ್ನೆಮೊನ್ನೆಯವರೆಗೂ ಊರಲ್ಲಿ ಒಬ್ಬರೂ ಸಿಕ್ಕುತ್ತಿರಲಿಲ್ಲ. ಫೋನು ಇಲ್ಲವೆಂದಲ್ಲ. ಗುಂಡಿ ಒತ್ತುವ ಸಣ್ಣ ಫೋನೊಂದು ಅವಳ ಎಲೆ ಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲೇ ಇರುತ್ತಿತ್ತು. ಅದರಲ್ಲಿ ಚಾರ್ಜು ಇದ್ದ ದಿನವನ್ನು ಮಾತ್ರ ಯಾರೂ ಕಂಡಿರಲಿಲ್ಲ. ಕೇಳಿದರೆ, "ನನಗ ಯಾರು ಮಾಡ್ತಾರ ಬಿಡ್ರಿ. ಬೇಕಾದವ್ರು ಮನೀಗೆ ಬರ್ತಾರ," ಎಂದು ಬಾಯಿ ಮುಚ್ಚಿಸಿಬಿಡುತ್ತಿದ್ದಳು.

ಮಾತು ಸುಳ್ಳಲ್ಲ. ವರ್ಷಕ್ಕೊಮ್ಮೆ, ಹೊಸ ಮೆಣಸಿನಕಾಯಿ ಮಾರುಕಟ್ಟೆಗೆ ಬಂದ ಕೂಡಲೇ, ಬ್ಯಾಡಗಿಯಿಂದ ಒಂದು ಕಾರು ಅವಳ ಓಣಿಗೆ ಬಂದು ನಿಲ್ಲುತ್ತದೆ. ಹತ್ತು ಕಿಲೋ ಕಡ್ಡಿ ಮೆಣಸಿನಕಾಯಿ, ಒಂದು ಇಳಕಲ್ ಸೀರೆ, ಒಂದು ಡಬ್ಬಿ ಉಂಡಿ ಇಳಿಯುತ್ತವೆ. ಜೊತೆಗೆ ಸುರೇಖಾ ಇಳಿದು, ಹೊಸ್ತಿಲಲ್ಲೇ ಬಗ್ಗಿ ಭರಮವ್ವನ ಕಾಲಿಗೆ ಬೀಳುತ್ತಾಳೆ. ಮೆಣಸಿನಕಾಯಿ ವ್ಯಾಪಾರದ ಮನೆಯ ಸೊಸೆಗೂ ಆಸ್ಪತ್ರೆಯ ಕಸ ಗುಡಿಸಿದ ಮುದುಕಿಗೂ ಎಲ್ಲಿಯ ನಂಟು ಎಂದು ಓಣಿಯವರು ಮೊದಮೊದಲು ತಲೆ ಕೆಡಿಸಿಕೊಂಡರು. ಆಮೇಲೆ ಭರಮವ್ವ ಮನೆಮನೆಗೆ ಬೊಗಸೆ ಬೊಗಸೆ ಮೆಣಸಿನಕಾಯಿ ಹಂಚತೊಡಗಿದ ಮೇಲೆ ತಮ್ಮ ಪಾಡಿಗೆ ಖಾರ ಕುಟ್ಟಿಸಿಕೊಂಡು ಸುಮ್ಮನಾದರು.

ನಂಟು ಏಳು ತಾಸಿನದು. ಇಪ್ಪತ್ತೊಂದು ವರ್ಷದ ಹಿಂದಿನ ಮಾತು.

ಆಗ ಭರಮವ್ವ ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ಗಳಗನಾಥದ ಕಡೆಯ ಹೆಣ್ಣು, ಮಾಲತೇಶನೆಂಬ ಹಮಾಲನ ಕೈಹಿಡಿದು ರಾಣೆಬೆನ್ನೂರಿಗೆ ಬಂದವಳು. ಗಂಡ ಬೇಗನೆ ತೀರಿಕೊಂಡ. ಉಳಿದದ್ದು ಒಂದು ಎಮ್ಮೆ, ಚಂದ್ರಿ ಅಂತ ಹೆಸರು. ಮುಂಜಾನೆ ಚಂದ್ರಿಯ ಹಾಲು ಹಿಂಡಿ, ಆಸ್ಪತ್ರೆಯ ಚಹಾಕ್ಕೆ ಅದರಲ್ಲೇ ಒಂದು ತಂಬಿಗೆ ಕೊಟ್ಟು, ಆಮೇಲೆ ಕಸ ಗುಡಿಸಲು ಬಾರಿಗೆ ಹಿಡಿಯುತ್ತಿದ್ದಳು. ಚಂದ್ರಿ ಸಾಮಾನ್ಯದ ಎಮ್ಮೆಯಲ್ಲ. ತಾಸುಗಟ್ಟಲೆ ಪುಸಲಾಯಿಸದೆ ಹಾಲು ಬಿಡುತ್ತಿರಲಿಲ್ಲ. ಭರಮವ್ವನ ಕೈಗೆ ಬಲ ಬಂದದ್ದೂ ಬಾಯಿಗೆ ಮಾತು ಬಂದದ್ದೂ ಅದರಿಂದಲೇ.

ಒಂದು ಮುಂಜಾನೆ ಬ್ಯಾಡಗಿಯಿಂದ ತುಂಬು ಬಸುರಿ ಸುರೇಖಾಳನ್ನು ಕರೆತಂದರು. ರಕ್ತದೊತ್ತಡ ಏರಿ, ಮೈ ಸೆಟೆದು ಬಂದಿತ್ತು. ತಡಮಾಡದೆ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಕೂಸು ಅತ್ತಿತು, ಹೆಣ್ಣು. ಹೊರಗೆ ನಿಂತ ಗಂಡ ಕೊಟ್ರಪ್ಪ ಕೈ ಮುಗಿದ. ಒಳಗೆ ಮಾತ್ರ ಅರಿವಳಿಕೆಯ ಶಂಭುಲಿಂಗ ಡಾಕ್ಟರ ಮುಖ ಬಿಳುಚಿಕೊಂಡಿತ್ತು. ಐದು ಹತ್ತು ನಿಮಿಷಕ್ಕೆ ಇಳಿಯಬೇಕಾದ ಔಷಧ ಅರ್ಧ ತಾಸಾದರೂ ಇಳಿದಿರಲಿಲ್ಲ. ಬಾಣಂತಿ ರೆಪ್ಪೆ ಎತ್ತಲಿಲ್ಲ, ಬೆರಳು ಅಲ್ಲಾಡಿಸಲಿಲ್ಲ, ತಾನಾಗಿ ಉಸಿರಾಡಲಿಲ್ಲ. ಉಸಿರಾಡಿಸುವ ಯಂತ್ರ ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಬಾಯೊಳಗಿನ ನಳಿಗೆಗೆ ಒಂದು ರಬ್ಬರ್ ಚೀಲ ಸಿಕ್ಕಿಸಿ, ಅದನ್ನು ಒತ್ತಿ ಒತ್ತಿ ಗಾಳಿ ತುಂಬಬೇಕಿತ್ತು.

ಇದ್ದ ಒಬ್ಬಳೇ ನರ್ಸು ಕೂಸಿನ ಹತ್ತಿರ. ಡಾಕ್ಟರಿಗೆ ಒತ್ತಡ ನೋಡಬೇಕು, ಸಲೈನು ನೋಡಬೇಕು, ಮತ್ತೆ ಮೈ ಸೆಟೆಯದಂತೆ ಸೂಜಿ ಹಾಕಬೇಕು. ನೆಲ ಒರೆಸಲು ಬಂದು ಬಾಗಿಲಲ್ಲಿ ನಿಂತಿದ್ದ ಭರಮವ್ವನ ಕಡೆ ಅವರ ಕಣ್ಣು ಹೋಯಿತು.

"ಭರಮವ್ವ, ಕೈ ತೊಳಕೊಂಡು ಬಾ ಇಲ್ಲಿ. ನೀ ಹಾಲು ಹಿಂಡಾಕಿ ಹೌದಲ್ಲ?"

"ಹೌದ್ರಿ ಸಾಹೇಬ್ರ."

"ಈಕಿಗೆ ಜೀವ ಐತಿ. ಎದಿ ಬಡಕೊಳ್ಳಾಕತ್ತೈತಿ. ಉಸಿರು ಎಳಕೊಳ್ಳೋ ಶಕ್ತಿ ಅಷ್ಟ ಇಲ್ಲ. ನಾವು ಒತ್ತೂತನಕಾ ಈಕಿ ಇರ್ತಾಳ. ನೀ ಉಸಿರು ಎಳಕೊಂಡಾಗ ಒತ್ತು, ಬಿಟ್ಟಾಗ ಬಿಡು. ನಿನ್ನ ಉಸಿರ ಈಕಿ ಉಸಿರು ಅಂತ ತಿಳಕೋ."

ಮುಂಜಾನೆ ಹತ್ತು ಗಂಟೆಗೆ ಹಿಡಿದ ಚೀಲವನ್ನು ಭರಮವ್ವ ಸಂಜೆ ಐದಕ್ಕೆ ಬಿಟ್ಟಳು. ನಡುವೆ ಎರಡು ಸಲ ಡಾಕ್ಟರು ಕೈ ಬದಲಿಸಿದರು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಅವಳು ಸುಮ್ಮನೆ ಒತ್ತಲಿಲ್ಲ, ಬಾಯಿ ನಡೆದೇ ಇತ್ತು. ಮಾತಾಡದೆ ಹಿಂಡುವುದು ಅವಳಿಗೆ ಗೊತ್ತೇ ಇರಲಿಲ್ಲವಲ್ಲ. ಐದರ ಹೊತ್ತಿಗೆ ಸುರೇಖಾಳ ಕಿರುಬೆರಳು ತುಸು ಅಲ್ಲಾಡಿತು. ಆಮೇಲೆ ರೆಪ್ಪೆ. ಆಮೇಲೆ ಅವಳದೇ ಒಂದು ಉಸಿರು. ಶಂಭುಲಿಂಗ ಡಾಕ್ಟರು ಅಲ್ಲೇ ಸ್ಟೂಲಿನ ಮೇಲೆ ಕುಳಿತು ಮಕ್ಕಳಂತೆ ಅತ್ತರು. ಭರಮವ್ವ ಬೆರಳು ನೆಟ್ಟಗೆ ಮಾಡಿಕೊಳ್ಳಲಾರದೆ, ಮುಷ್ಟಿ ಹಾಗೇ ಇಟ್ಟುಕೊಂಡು ಚಂದ್ರಿಯ ಹಾಲು ಹಿಂಡಲು ಓಡಿದಳು. ಆ ಸಂಜೆ ಚಂದ್ರಿ ಒದ್ದಿತೆನ್ನುವುದು ಬೇರೆ ಮಾತು.

ಮನೆಗೆ ಕಳಿಸುವ ದಿನ ಡಾಕ್ಟರು ಗಂಡನನ್ನು ಕರೆದು, "ನೀವಿಬ್ಬರೂ ಸಂಬಂಧಿಕರೇನು?" ಎಂದು ಕೇಳಿದರು. ಕೊಟ್ರಪ್ಪ ಹೆಮ್ಮೆಯಿಂದ, "ಹೌದ್ರಿ, ಸ್ವಾದರತ್ತಿ ಮಗಳು," ಎಂದ. ಡಾಕ್ಟರು ಒಂದು ಚೀಟಿ ಬರೆದು ಕೊಟ್ಟರು. "ಹಂಗಿದ್ರ ಇದು ನಿಮ್ಮ ಮಗಳಿಗೂ ಬೇಕಾಗಬಹುದು. ಮುಂದ ಯಾವುದ ಆಪರೇಷನ್ ಇರ್ಲಿ, ಮೊದಲ ಈ ಚೀಟಿ ತೋರಸ್ರಿ. ಭಾಳ ಜ್ವಾಕಿ."

ಜ್ವಾಕಿಯಿಂದ ಇಡುವುದೆಂದರೆ ಕೊಟ್ರಪ್ಪನ ಮನೆಯಲ್ಲಿ ಒಂದೇ ಜಾಗ, ದೇವರ ಜಗಲಿ. ಅವನ ತಾಯಿ ಪ್ರೇಮವ್ವ ಚೀಟಿಯನ್ನು ಎರಡೂ ಕೈಯಿಂದ ಇಸಿದುಕೊಂಡು, ಮೈಲಾರಲಿಂಗನ ಪಟದ ಮುಂದೆ ಬೆಳ್ಳಿ ತಟ್ಟೆಯಲ್ಲಿಟ್ಟಳು. ಸೊಸೆಯನ್ನು ಬದುಕಿಸಿಕೊಟ್ಟ ಚೀಟಿ ಎಂದು ಮನೆಗೆ ಬಂದವರಿಗೆಲ್ಲ ತೋರಿಸಿದಳು.

ವರ್ಷಗಳು ಉರುಳಿದವು. ಶಂಭುಲಿಂಗ ಡಾಕ್ಟರು ತೀರಿಕೊಂಡರು, ಹೊಟ್ಟೆ ಕೊಯ್ದ ಡಾಕ್ಟರೂ ಆ ನರ್ಸೂ ಊರು ಬಿಟ್ಟು ಎಲ್ಲಿಗೋ ಹೋದರು. ಆ ನರ್ಸಿಂಗ್ ಹೋಮು ಮುಚ್ಚಿ, ಅಲ್ಲಿಯ ಕಾಗದಗಳು ಗುಜರಿಗೆ ಹೋದವು. ಭರಮವ್ವ ಇನ್ನೊಂದು ಆಸ್ಪತ್ರೆಯಲ್ಲಿ ದುಡಿದು, ಅಲ್ಲಿಂದಲೂ ಬಿಡುಗಡೆ ಪಡೆದು ಮನೆಯಲ್ಲಿ ಕುಳಿತಳು. ಅಂದು ಹುಟ್ಟಿದ ಕೂಸು ಐಶ್ವರ್ಯ ಹಾವೇರಿಯಲ್ಲಿ ಬಿ.ಕಾಂ. ಓದುವಷ್ಟು ದೊಡ್ಡವಳಾದಳು.

ಕಳೆದ ಫೆಬ್ರವರಿಯಲ್ಲಿ ಒಂದು ದಿನ ಐಶ್ವರ್ಯಳಿಗೆ ಕಾಲೇಜಿನಲ್ಲೇ ಹೊಟ್ಟೆನೋವು ಎದ್ದಿತು. ಹಾವೇರಿಯಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಆದರೂ ಸುರೇಖಾ, "ನನಗ ಮರುಜನ್ಮ ಬಂದದ್ದು ರಾಣೆಬೆನ್ನೂರಾಗ, ಅಲ್ಲೇ ನಡೀರಿ," ಎಂದು ಹಟ ಹಿಡಿದಳು. ರಾಣೆಬೆನ್ನೂರಿನ ಹೊಸ ಆಸ್ಪತ್ರೆಯಲ್ಲಿ ನೋಡಿ, ಅಪೆಂಡಿಕ್ಸು, ಒಡೆಯುವ ಹಂತಕ್ಕೆ ಬಂದಿದೆ, ಮಧ್ಯಾಹ್ನದೊಳಗೆ ತೆಗೆಯಬೇಕು ಎಂದರು. ಅರಿವಳಿಕೆಯ ಡಾಕ್ಟರು ಮೀನಾಕ್ಷಿ, ಮೂವತ್ತು ದಾಟಿದವಳು, ಬಂದು ವಾಡಿಕೆಯ ಪ್ರಶ್ನೆ ಕೇಳಿದಳು. "ಮನ್ಯಾಗ ಯಾರಿಗರ ಆಪರೇಷನ್ ವ್ಯಾಳ್ಯಾದಾಗ ತ್ರಾಸ ಆಗಿತ್ತೇನ್ರಿ?"

"ನನಗ ಆಗಿತ್ರಿ," ಎಂದಳು ಸುರೇಖಾ. "ಏಳು ತಾಸು ಉಸಿರು ಇರಲಿಲ್ಲ. ಡಾಕ್ಟ್ರು ಚೀಟಿ ಕೊಟ್ಟಾರ, ಮನ್ಯಾಗ ಐತಿ."

ಮೀನಾಕ್ಷಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ಆ ಚೀಟಿ ಲಗೂ ತರಸ್ರಿ."

ಕೊಟ್ರಪ್ಪ ಬ್ಯಾಡಗಿಗೆ ಕಾರು ಓಡಿಸಿದ. ತಾಯಿಯನ್ನೂ ಕರೆದುಕೊಂಡು ಒಂದು ತಾಸಿನಲ್ಲಿ ತಿರುಗಿ ಬಂದ. ಬರುವಾಗ ಕೈಯಲ್ಲಿ ಬೆಳ್ಳಿ ತಟ್ಟೆ, ತಟ್ಟೆಯಲ್ಲಿ ಚೀಟಿ. ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ ಆಸ್ಪತ್ರೆಯೊಳಗೆ ನಡೆದು ಬಂದು ತಟ್ಟೆಯನ್ನೇ ಡಾಕ್ಟರ ಮುಂದೆ ಹಿಡಿದ.

ಮೀನಾಕ್ಷಿ ಬೆರಳ ತುದಿಯಿಂದ ಅದನ್ನು ಎತ್ತಿದಳು. ಇಪ್ಪತ್ತು ವರ್ಷ, ಪ್ರತಿ ಸೋಮವಾರ, ಪ್ರೇಮವ್ವ ಆ ಚೀಟಿಗೆ ವಿಭೂತಿ ಕುಂಕುಮ ಏರಿಸಿದ್ದಳು. ಹಬ್ಬಕ್ಕೊಮ್ಮೆ ದೀಪದ ಎಣ್ಣೆ ಮುಟ್ಟಿಸಿದ್ದಳು. ಕಾಗದ ಮಿರ್ಚಿ ಕಟ್ಟಿಕೊಟ್ಟ ಪೇಪರಿನಂತೆ ಎಣ್ಣೆ ಕುಡಿದು, ಕೆಂಪಗಾಗಿ, ಮಡಿಕೆಯಲ್ಲಿ ಹರಿದು ಹೋಗಿತ್ತು. ಮೇಲ್ಗಡೆ ತಾರೀಖು, ಕೆಳಗಡೆ ಅರ್ಧ ಸಹಿ. ನಡುವೆ ಏನಿತ್ತೋ ಮೈಲಾರಲಿಂಗನೇ ಬಲ್ಲ. ಇಷ್ಟು ಭಕ್ತಿಯಿಂದ ಪೂಜೆಗೊಂಡ ಚೀಟಿಯನ್ನು ಆ ಮನೆಯಲ್ಲಿ ಒಬ್ಬರೂ ಒಂದು ಸಲವೂ ಓದಿರಲಿಲ್ಲ. ಅವರನ್ನು ಬೈಯಲೂ ಮನಸ್ಸು ಬರುವುದಿಲ್ಲ. ಉಪಕಾರ ಮರೆಯಬಾರದೆಂದು ಮಾಡಿದ ಕೆಲಸವೇ ಅದು.

"ಏನು ಬರದಿತ್ತು, ಯಾರಿಗರ ನೆಪ್ಪ ಐತೇನು?" ಎಂದಳು ಮೀನಾಕ್ಷಿ. ಯಾರಿಗೂ ಇರಲಿಲ್ಲ.

"ದಾವಣಗೆರಿಗೆ ಒಯ್ಯೋಣ್ರಿ?" ಎಂದ ಕೊಟ್ರಪ್ಪ.

"ಅಲ್ಲೂ ಇದ ಪ್ರಶ್ನೆ ಕೇಳ್ತಾರ್ರಿ. ಯಾವ ಔಷಧ ಒಗ್ಗಲಿಲ್ಲ ಅನ್ನೋದು ಗೊತ್ತಾಗಬೇಕು. ಸೂಜಿಯೋ, ಮೂಗಿಗೆ ಹಿಡಿಯೋ ಗಾಳಿಯೋ? ಒಂದನ್ನ ಬಿಟ್ಟು ಇನ್ನೊಂದು ಕೊಟ್ಟು ಅದ ತಪ್ಪಾದ್ರ? ದಾರಿಯಾಗ ಹೊಟ್ಟಿ ಒಳಗ ಒಡದ್ರ?"

ಆಗ ಸುರೇಖಾ ತಟ್ಟನೆ, "ಭರಮವ್ವ ಅದಾಳ," ಎಂದಳು. "ಅವತ್ತು ಒಳಗ ಇದ್ದಾಕಿ ಆಕಿ ಒಬ್ಬಾಕೀನ ಈಗ ಉಳದಾಳ."

ಫೋನು ಹಚ್ಚಿದರು. ಸ್ವಿಚ್ ಆಫ್. ಹನ್ನೊಂದು ಸಲ ಹಚ್ಚಿದರು, ಹನ್ನೊಂದು ಸಲವೂ ಸ್ವಿಚ್ ಆಫ್. ಕೊಟ್ರಪ್ಪ ಅವಳ ಓಣಿಗೆ ಓಡಿದ, ಮನೆಗೆ ಬೀಗ. ಪಕ್ಕದ ಮನೆಯ ಅಕ್ಬರಬಿ ಬಾಗಿಲಿಗೆ ಬಂದು, "ಜ್ವಾಳ ಬೀಸಾಕ ಗಿರಣಿಗೆ ಹೋಗ್ಯಾಳ್ರಿ," ಎಂದಳು. ಗಿರಣಿಯ ಸರತಿಯಲ್ಲಿ ನಿಂತಿದ್ದ ಭರಮವ್ವನನ್ನು ಜೋಳದ ಡಬ್ಬಿಯ ಸಮೇತ ಕಾರಿಗೆ ಹತ್ತಿಸಿಕೊಂಡು ಬಂದ. ತಲೆ, ಹುಬ್ಬು, ಕುಬಸವೆಲ್ಲ ಹಿಟ್ಟು.

ಮೀನಾಕ್ಷಿಯ ಮುಂದೆ ಕೂತ ಭರಮವ್ವ ಮೊದಲು ಕೈ ಮುಗಿದುಬಿಟ್ಟಳು. "ನನಗ ಒಂದಕ್ಷರ ಬರಂಗಿಲ್ರಿ ಡಾಕ್ಟರವ್ವಾರ. ಔಷಧದ ಹೆಸರು ನಾ ಎಲ್ಲಿಂದ ಹೇಳ್ಲಿ?"

"ಹೆಸರು ಬ್ಯಾಡ್ರಿ ಅವ್ವಾ. ನೀವು ಕಣ್ಣಿಲೆ ಕಂಡದ್ದಷ್ಟ ಹೇಳ್ರಿ. ಯಾವ ಸೂಜಿ ಹಾಕಿದ ಮ್ಯಾಲೆ ಹಂಗಾತು?"

ಭರಮವ್ವ ಕಣ್ಣು ಮುಚ್ಚಿದಳು. "ಫ್ರಿಜ್ಜಿನ ಸೂಜಿ ರೀ."

"ಫ್ರಿಜ್ಜಿಂದು?"

"ಹೌದ್ರಿ. ಉಳದ ಔಷಧ ಎಲ್ಲಾ ಕಪಾಟಿನ್ಯಾಗ ಇರ್ತಿದ್ವು. ಅದೊಂದ ಬಾಟ್ಲಿ ಫ್ರಿಜ್ಜಿನ್ಯಾಗ, ನನ್ನ ಹಾಲಿನ ತಂಬಗಿ ಬಾಜೂಕ. ಕರೆಂಟ್ ಹೋದಾಗೆಲ್ಲಾ ಅದಕ್ಕ ಬರ್ಫ ಇಡು ಅಂತ ಸಾಹೇಬ್ರು ನನಗ ಹೇಳ್ತಿದ್ರು. ಅವತ್ತು ಅದನ್ನ ನಾನ ತಂದು ಕೊಟ್ಟಿದ್ದೆ."

ಮೀನಾಕ್ಷಿ ಕುರ್ಚಿಯ ತುದಿಗೆ ಸರಿದಳು. "ಹಾಕಿದ ಕೂಡ್ಲೇ ಏನಾತು?"

"ಬಾಗಲದಾಗ ನಿಂತು ನೋಡಿದೆ. ಮುಖ, ತೋಳು, ಮೈಯೆಲ್ಲಾ ತೊಗಲಿನ ಕೆಳಗ ಇರುವಿ ಹರದಾಂಗ ಪಟಪಟ ಅಂತು. ಆಮ್ಯಾಲೆ ಸ್ತಬ್ಧ."

"ಮೈ ಬಿಸಿ ಆಗಿತ್ತಾ? ದವಡಿ, ಕೈಕಾಲು ಬಿಗಿ ಹಿಡದಿದ್ವಾ?"

"ಇಲ್ರೀ ಯವ್ವಾ. ತಣ್ಣಗಿತ್ತು. ತೊಯಿಸಿಟ್ಟ ಸೀರಿ ಹಂಗ ಸಡಿಲ. ಏಳು ತಾಸು ಬಾಜೂಕ ಕುಂತಾಕಿ ನಾನು, ನನಗ ಗೊತ್ತಿಲ್ಲೇನು?"

ಮೀನಾಕ್ಷಿ ಎದ್ದು, ಹಿಟ್ಟು ಮೆತ್ತಿದ ಆ ಎರಡೂ ಕೈಗಳನ್ನು ಹಿಡಿದುಕೊಂಡಳು. "ಆ ಚೀಟಿ ನೀವು ಪೂರಾ ಓದಿಬಿಟ್ರಿ ಅವ್ವಾ. ಗಾಳಿ ಔಷಧದ ತಪ್ಪಾಗಿದ್ರ ಮೈ ಕಾದು ಬಿಗೀತಿತ್ತು. ಅದು ಸಕ್ಸಿನೈಲ್‌ಕೋಲಿನ್, ಮೈ ಸಡಿಲ ಮಾಡೋ ಸೂಜಿ. ಇವತ್ತು ಐಶ್ವರ್ಯಗ ನಾ ಕೊಡಬೇಕಂತ ತಗದಿಟ್ಟಿದ್ದೂ ಅದ." ಒಳಗೆ ಹೋಗಿ, ಟ್ರೇಯಲ್ಲಿದ್ದ ಆ ಸಣ್ಣ ಬಾಟಲಿಯನ್ನು ತಿರುಗಿ ಫ್ರಿಜ್ಜಿನಲ್ಲಿಟ್ಟಳು. ಬೇರೆ ಔಷಧ, ಅದನ್ನು ಇಳಿಸುವ ಮದ್ದು, ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಆಪರೇಷನ್ ಶುರು ಮಾಡಿದರು.

ಹೊರಗೆ ಬೆಂಚಿನ ಮೇಲೆ ಪ್ರೇಮವ್ವ ಕಣ್ಣು ಮುಚ್ಚಿ ಮೈಲಾರಲಿಂಗನನ್ನು ನೆನೆಯುತ್ತಿದ್ದಳು. ಕೊಟ್ರಪ್ಪ ಖಾಲಿ ತಟ್ಟೆ ಹಿಡಿದು ನಿಂತಿದ್ದ. ಅದನ್ನು ಎಲ್ಲಿ ಇಡಬೇಕೆಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ. ಭರಮವ್ವ ಸುರೇಖಾಳ ಪಕ್ಕ ಕುಳಿತಿದ್ದಳು. ಅವಳ ಬಲಗೈ ಮಾತ್ರ ಸೆರಗಿನ ಉಂಡೆಯನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಅವಳಿಗೆ ಅದರ ಖಬರು ಇರಲಿಲ್ಲ.

ಸುರೇಖಾ ಬಹಳ ಹೊತ್ತು ಆ ಕೈಯನ್ನೇ ನೋಡಿದಳು. ಆಮೇಲೆ, "ಅವ್ವಾ, ನಿಮಗ ಒಂದು ಮಾತು ಹೇಳಿಲ್ಲ," ಎಂದಳು. "ಅವತ್ತು ಕಡೀಕಡೀಗೆ ನನಗ ಎಚ್ಚರ ಇತ್ತು."

ಭರಮವ್ವನ ಕೈ ನಿಂತಿತು. "ಏನಂದಿ?"

"ಕಣ್ಣು ತಗೀಬೇಕಂತೀನಿ, ಬರವಲ್ದು. ಚೀರಬೇಕಂತೀನಿ, ಬಾಯಿ ನನ್ನ ಮಾತು ಕೇಳವಲ್ದು. ಸತ್ತೆ, ನನ್ನ ಮಣ್ಣು ಮಾಡಾಕ ಒಯ್ಯಾಕತ್ತಾರ ಅಂತ ತಿಳಕೊಂಡಿದ್ದೆ. ಆಗ ನಿಮ್ಮ ದನಿ ಕೇಳಸ್ತು. 'ನಿಲ್ಲು ನನ್ನವ್ವ, ಒದಿಬ್ಯಾಡ, ಇನ್ನ ಸ್ವಲ್ಪ, ಇನ್ನ ಸ್ವಲ್ಪ ಅಷ್ಟ, ನಿನ್ನ ಕೂಸು ಹೊರಗ ಅಳಾಕತ್ತೈತಿ' ಅಂತಿದ್ರಿ. ನಡುನಡುವ ಚಂದ್ರಿ, ಚಂದ್ರಿ ಅಂತಿದ್ರಿ. ಚಂದ್ರಿ ಯಾರಂತ ನನಗ ಗೊತ್ತಿರಲಿಲ್ಲ. ಆಕೀನೂ ನನ್ನ ಬಾಜೂಕ ಮಲಗ್ಯಾಳ, ಆಕೀಗೂ ನನ್ನಂಗ ಆಗೇತಿ, ಇಬ್ಬರೂ ಏಳ್ತೀವಿ ಅಂತ ಧೈರ್ಯ ತಗೊಂಡೆ."

"ಅಯ್ಯ ನಮ್ಮವ್ವ," ಭರಮವ್ವ ನಗಲು ಹೋಗಿ ಅತ್ತಳು. "ಅದು ನಮ್ಮ ಎಮ್ಮಿ!"

"ಗೊತ್ತಾತ್ರಿ ಆಮ್ಯಾಲೆ. ನಾ ನಿಮ್ಮ ಮನೀಗೆ ಬಂದಾಗ ಕೊಟ್ಟಿಗ್ಯಾಗ ಆಕೀನ ಕರದ್ರಲ್ಲ, ಅವತ್ತು." ಸುರೇಖಾಳೂ ನಗುತ್ತಲೇ ಅತ್ತಳು. "ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನೆನಸಿಕೊಂಡ್ರ ಅಂಜಿಕಿ ಬರ್ತಿತ್ತು. ಅದಕ್ಕ ನಾ ನಿಮ್ಮ ಕಾಲಿಗೆ ಬೀಳೂದು. ಉಸಿರು ಕೊಟ್ಟದ್ದಕ್ಕ ಅಷ್ಟ ಅಲ್ಲ, ಮಾತಾಡಿದ್ದಕ್ಕ."

ತಾನು ಸುಮ್ಮನೆ ಆಡಿದ ಮಾತನ್ನು ಒಬ್ಬಳು ಹಿಡಿದುಕೊಂಡು ಬದುಕಿದ್ದಳೆಂಬ ಸುದ್ದಿಯನ್ನು ಅರಗಿಸಿಕೊಳ್ಳಲು ಭರಮವ್ವನಿಗೂ ಹೊತ್ತು ಬೇಕಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಮೀನಾಕ್ಷಿ ಮುಖದ ಮಾಸ್ಕು ಇಳಿಸಿ, "ಎಚ್ಚರಾಗ್ಯಾಳ," ಎಂದಳು. "ತನ್ನ ಉಸಿರು ತಾನ ತಗೊಳ್ಳಾಕತ್ತಾಳ. ನೀರು ಕೊಡ್ರಿ ಅಂತ ಜಗಳಕ್ಕ ಬಿದ್ದಾಳ." ಕೊಟ್ರಪ್ಪನ ಕೈಯಿಂದ ಬೆಳ್ಳಿ ತಟ್ಟೆ ಠಣ್ಣೆಂದು ನೆಲಕ್ಕೆ ಬಿತ್ತು.

ತಾಯಿ ಮಗಳ ರಕ್ತ ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗಿ ವಾರದ ಮೇಲೆ ಕಾಗದ ಬಂತು. ಮೀನಾಕ್ಷಿ ಎಲ್ಲರನ್ನೂ ಕೂಡಿಸಿ ತಿಳಿಸಿದಳು. "ಪಿತ್ತಜನಕಾಂಗ ಒಂದು ಕಿಣ್ವ ಮಾಡಿ ರಕ್ತಕ್ಕ ಬಿಡ್ತೈತಿ, ಬ್ಯುಟೈರಿಲ್‌ಕೋಲಿನೆಸ್ಟರೇಸ್ ಅಂತ. ಅದು ಕಸ ಗುಡಿಸಾಕಿ ಇದ್ದಂಗ. ಆ ಫ್ರಿಜ್ಜಿನ ಔಷಧ ಬಂದ್ರ ಐದು ನಿಮಿಷದಾಗ ಗುಡಿಸಿ ಹೊರಗ ಹಾಕ್ತೈತಿ. ಹೊಲಕ್ಕ ಹೊಡಿಯೋ ಎಣ್ಣಿಯೊಳಗಿನ ಕೆಲವು ವಿಷಾನೂ ಹಿಡಿತೈತಿ. ಅದನ್ನ ಹ್ಯಾಂಗ ಮಾಡಬೇಕು ಅನ್ನೋ ಬರಹಕ್ಕ ಜೀನ್ ಅಂತಾರ. ತಂದಿ ಕಡಿಂದ ಒಂದು ಪ್ರತಿ, ತಾಯಿ ಕಡಿಂದ ಒಂದು. ಒಂದು ತಪ್ಪಿದ್ರ ಇನ್ನೊಂದು ನಡಸ್ತೈತಿ. ನಿಮ್ಮದು ಒಳಸಂಬಂಧ, ಒಂದ ತಪ್ಪು ಎರಡೂ ಕಡಿಂದ ಬಂದೈತಿ. ತಾಯಿ ಮಗಳು ಇಬ್ಬರ ಮೈಯಾಗೂ ಗುಡಿಸಾಕಿ ಇಲ್ಲ ಅನ್ನೂವಷ್ಟು ಕಡಿಮಿ. ದಿನದ ಬಾಳ್ವೇಕ್ಕ ಏನೂ ತೊಂದ್ರಿ ಇಲ್ಲ. ಎಣ್ಣಿ ಹೊಡಿಯೋ ಹೊಲಕ್ಕ ಹೋಗಬ್ಯಾಡ್ರಿ, ಈ ಔಷಧ ತಗೋಬ್ಯಾಡ್ರಿ."

"ಅಂದ್ರ ಅವತ್ತು ಒಳಗ ಗುಡಿಸಾಕಿ ಇರಲಿಲ್ಲಂತ ಹೊರಗಿನಾಕಿ ಬಂದ್ಲು," ಎಂದಳು ಐಶ್ವರ್ಯ, ಭರಮವ್ವನ ತೋಳಿಗೆ ಒರಗಿ.

ಮೀನಾಕ್ಷಿ ಹೊಸ ಚೀಟಿ ಬರೆದಳು. ಪ್ರೇಮವ್ವ ವಾಡಿಕೆಯಂತೆ ಎರಡೂ ಕೈ ಚಾಚಿದಳು. ಅವಳಿಗಿಂತ ಮೊದಲೇ ಭರಮವ್ವ ಚೀಟಿಗೆ ಕೈಹಾಕಿ, "ಬ್ಯಾಡ್ರಿ ಅಕ್ಕಾರ, ನಿಮಗ ಕೈ ಮುಗಿತೀನಿ," ಎಂದಳು. "ಮೈಲಾರಲಿಂಗ ಒಮ್ಮಿ ಓದ್ಯಾನ, ಸಾಕು. ಇದು ಡಾಕ್ಟ್ರು ಓದಬೇಕಾದದ್ದು." ಪ್ರೇಮವ್ವ ಒಂದು ಗಳಿಗೆ ಬಿಗುವಾಗಿ ನೋಡಿದಳು. ಆಮೇಲೆ ತಾನೇ ಮೊದಲು ನಕ್ಕಳು.

ಈ ವರ್ಷ ಹೊಸ ಮೆಣಸಿನಕಾಯಿಯ ಜೊತೆ ಕಾರಿನಿಂದ ಐಶ್ವರ್ಯಳೂ ಇಳಿದಳು. ಅವಳ ಕೊರಳಲ್ಲಿ ಕರಿದಾರಕ್ಕೆ ಒಂದು ಬೆಳ್ಳಿ ಬಿಲ್ಲೆ. ಆ ಪೂಜೆಯ ತಟ್ಟೆಯನ್ನೇ ಪ್ರೇಮವ್ವ ಕರಗಿಸಲು ಕೊಟ್ಟು, ಸೊಸೆಗೊಂದು ಮೊಮ್ಮಗಳಿಗೊಂದು ಬಿಲ್ಲೆ ಮಾಡಿಸಿದ್ದಳು. ಮದುವೆಯ ಪಾತ್ರೆಗೆ ಹೆಸರು ಕೊರೆಯುವ ತೌಹೀದ ಅದರ ಮೇಲೆ ಅಕ್ಷರ ಕೊರೆದಿದ್ದ.

"ಏನು ಬರದೈತಿ ಓದ ನೋಡೋಣು," ಎಂದಳು ಭರಮವ್ವ.

"ಸಕ್ಸಿನೈಲ್‌ಕೋಲಿನ್ ಕೊಡಬಾರದು, ಅಂತ ಐತಿ ಆಯಿ. ಕನ್ನಡದಾಗೂ ಇಂಗ್ಲಿಷಿನ್ಯಾಗೂ."

"ಹಿಂದಿನ ಕಡೆ?"

ಐಶ್ವರ್ಯ ಬಿಲ್ಲೆಯನ್ನು ತಿರುಗಿಸಿದಳು. "ಹೆಚ್ಚಿಗೆ ತಿಳಿಯಬೇಕಾದರೆ ಭರಮವ್ವ, ರಾಣೆಬೆನ್ನೂರು, ಇವರನ್ನು ಕೇಳಿರಿ. ಕೆಳಗ ನಿಮ್ಮ ಫೋನ್ ನಂಬರ್."

ಭರಮವ್ವ ಬಿಲ್ಲೆಯನ್ನು ಹೆಬ್ಬೆರಳಿನಿಂದ ಸವರಿದಳು. ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ಎಲೆ ಅಡಿಕೆ ಚೀಲ ಬಿಚ್ಚಿ, ಸುಣ್ಣ ಮೆತ್ತಿದ ಫೋನನ್ನು ಹೊರಗೆ ತೆಗೆದು, ಸೆರಗಿನಿಂದ ಚೆನ್ನಾಗಿ ಒರೆಸಿದಳು. ಚಾರ್ಜರಿನ ವಯರು ಎಲ್ಲಿಟ್ಟಿದ್ದಳೋ ನೆನಪಿಲ್ಲದೆ ಅಕ್ಬರಬಿಯ ಮನೆಗೆ ಎದ್ದು ಹೋಗಿ ವಯರು ಕೇಳಿ ತಂದಳು. ಅವತ್ತಿನಿಂದ ಭರಮವ್ವನ ಫೋನಿನ ಚಾರ್ಜು ಒಂದು ದಿನವೂ ಮುಗಿದಿಲ್ಲ.